ಬಂಗಾರದ ಎಲೆ

ಆಶಯ: ಆಟದ ಎಲೆಗಳೆಂದರೆ ಜೂಜಿನ ನೆನಪು ಬರುವುದು ಸಹಜ. ಆದರೆ ಅದೇ ಎಲೆಗಳು ಒಂದು ಕಾಲದಲ್ಲಿ ಚಿತ್ರಕಲೆ, ಪುರಾಣಜ್ಞಾನ ಮತ್ತು ಬುದ್ಧಿಶಕ್ತಿಗಳ ಸಂಗಮವಾಗಿದ್ದವು. ಕೈಯಿಂದ ಬರೆದು, ಹೊನ್ನಿನಿಂದ ಸಿಂಗರಿಸಿದ ಗಂಜೀಫಾ ಎಲೆಗಳನ್ನು ಈ ಪಾಠ ಪರಿಚಯಿಸುತ್ತದೆ. ಒಂದು ಕಲೆ ಬದುಕುವುದು ಯಾರಿಂದ ಎಂಬ ಪ್ರಶ್ನೆಯನ್ನೂ ನಮ್ಮ ಮುಂದಿಡುತ್ತದೆ.

ಕನ್ನಡದಲ್ಲಿ ‘ಎಲೆ’ ಎಂಬುದು ಎರಡೇ ಅಕ್ಷರದ ಮಾತು. ಅದರ ವ್ಯಾಪ್ತಿಯಾದರೋ ದೊಡ್ಡದು. ಗಿಡದಲ್ಲಿ ಚಿಗುರುವುದೂ ಎಲೆ, ಊಟಕ್ಕೆ ಹಾಸುವುದೂ ಎಲೆ, ಊಟವಾದ ಮೇಲೆ ಅಡಿಕೆಯೊಡನೆ ಮೆಲ್ಲುವುದೂ ಎಲೆ. ವಿಜಯದಶಮಿಯ ಸಂಜೆ ನಮ್ಮ ವಿಜಯಪುರದ ಕಡೆ ಕಿರಿಯರು ಹಿರಿಯರ ಕೈಗೆ ಬನ್ನಿಯ ಎಲೆಗಳನ್ನಿತ್ತು, “ಬನ್ನಿ ತಗೊಂಡು ಬಂಗಾರದಂಗ ಇರೋಣ” ಎಂದು ಕಾಲಿಗೆರಗುತ್ತಾರೆ. ಆ ಒಂದು ದಿನದ ಮಟ್ಟಿಗೆ ಎಲೆಯೇ ಬಂಗಾರವಾಗುತ್ತದೆ.

ಇಷ್ಟೆಲ್ಲ ಮರ್ಯಾದೆಯ ಎಲೆಗಳ ನಡುವೆ ಒಂದು ಎಲೆಗೆ ಮಾತ್ರ ಕೆಟ್ಟ ಹೆಸರು ಬಂದಿದೆ. ಅದು ಆಡುವ ಎಲೆ, ಅಂದರೆ ಇಸ್ಪೀಟೆಲೆ. ನಾಗರ ಪಂಚಮಿಯ ದಿನಗಳಲ್ಲಿ ಹೆಣ್ಣುಮಕ್ಕಳು ಜೋಕಾಲಿ ಜೀಕುತ್ತಿದ್ದರೆ, ಊರ ಹೊರಗಿನ ಮರದ ನೆರಳಿನಲ್ಲಿ ಗಂಡಸರು ಎಲೆ ಹಾಕಿ ಕೂಡುವುದುಂಟು. ತಿಕೋಟಾ, ಬಬಲೇಶ್ವರಗಳ ಸುತ್ತಿನ ಹಳ್ಳಿಗಳಲ್ಲಿ ಮಾಸ್ತರಿಕೆ ಮಾಡಿದ ನನಗೆ, ಈ ಚಟದಿಂದ ಹೊಲಮನೆ ಕಳೆದುಕೊಂಡವರ ಮಕ್ಕಳಿಗೆ ಪಾಠ ಹೇಳಿ ಗೊತ್ತು. ಹಣವನ್ನು ಪಣಕ್ಕಿಟ್ಟು ಆಡುವ ಆಟ ಮನೆಯನ್ನು ಮುರಿಯುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ತಪ್ಪು ಪಣದ್ದೇ ಹೊರತು ಎಲೆಯದಲ್ಲ. ಅದೇ ಎಲೆ ಒಂದು ಕಾಲಕ್ಕೆ ಅಂಗೈಯಗಲದ ಚಿತ್ರಶಾಲೆಯಾಗಿತ್ತು. ಅದರ ಹೆಸರು ಗಂಜೀಫಾ.

ಗಂಜೀಫಾ ಎಲೆಗಳು ಸಾಮಾನ್ಯವಾಗಿ ದುಂಡಗೆ, ಬಿಲ್ಲೆಯ ಆಕಾರದಲ್ಲಿರುತ್ತವೆ. ಈ ಆಟ ಪರ್ಷಿಯಾ ದೇಶದ ಕಡೆಯಿಂದ ನಮ್ಮ ನಾಡಿಗೆ ಬಂದಿತು. ಮೊಗಲ್ ಮನೆತನದ ಮೂಲಪುರುಷನಾದ ಬಾಬರನು 1527ರಲ್ಲಿ ಸಿಂಧ್ ಪ್ರಾಂತದಲ್ಲಿದ್ದ ಶಾ ಹಸನ್ ಎಂಬ ಮಿತ್ರನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದುದಾಗಿ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮಿತ್ರನು ಅವುಗಳನ್ನು ಆಸೆಪಟ್ಟು ಕೇಳಿದ್ದನಂತೆ. ಬಾಬರನ ಮೊಮ್ಮಗ ಅಕ್ಬರನ ಕಾಲಕ್ಕೆ ಈ ಆಟ ಎಷ್ಟು ಬೆಳೆದಿತ್ತೆಂದರೆ, ಆಸ್ಥಾನದ ವಿದ್ವಾಂಸನಾದ ಅಬುಲ್ ಫಜಲನು ‘ಐನ್-ಎ-ಅಕ್ಬರಿ’ಯಲ್ಲಿ ಅದನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಅವನು ಹೇಳುವ ಒಂದು ಕಟ್ಟಿನಲ್ಲಿ ಹನ್ನೆರಡು ರಾಜರಿದ್ದಾರೆ. ಕುದುರೆಗಳ ಒಡೆಯ ಅಶ್ವಪತಿ, ಆನೆಗಳ ಒಡೆಯ ಗಜಪತಿ, ಕಾಲಾಳುಗಳ ಒಡೆಯ ನರಪತಿ, ಕೋಟೆಯ ಒಡೆಯ, ಬೊಕ್ಕಸದ ಒಡೆಯ, ಹಡಗುಗಳ ಒಡೆಯ, ಹಾವುಗಳ ಒಡೆಯ ಹೀಗೆ ಸಾಗುತ್ತದೆ ಆ ಪಟ್ಟಿ. ಪ್ರತಿಯೊಬ್ಬ ರಾಜನಿಗೂ ಹನ್ನೆರಡು ಎಲೆಗಳಂತೆ ಒಟ್ಟು 144 ಎಲೆಗಳು. ಇಡೀ ರಾಜ್ಯವನ್ನೇ ಮಡಿಚಿ ಒಂದು ಪೆಟ್ಟಿಗೆಯಲ್ಲಿಟ್ಟಂತೆ!

ಮುಂದೆ ಹೆಚ್ಚು ಪ್ರಚಾರಕ್ಕೆ ಬಂದುದು 96 ಎಲೆಗಳ ಕಟ್ಟು. ಇದರಲ್ಲಿ ಎಂಟು ಬಣ್ಣಗಳು. ಒಂದೊಂದು ಬಣ್ಣಕ್ಕೆ ಹನ್ನೆರಡು ಎಲೆಗಳು. ಒಂದು ರಾಜ, ಒಂದು ಮಂತ್ರಿ, ಉಳಿದವು ಒಂದರಿಂದ ಹತ್ತರವರೆಗಿನ ಎಣಿಕೆಯ ಎಲೆಗಳು. ಗುಲಾಮ, ಕಿರೀಟ, ಖಡ್ಗ, ಬೆಳ್ಳಿಯ ನಾಣ್ಯ, ಚಿನ್ನದ ನಾಣ್ಯ, ವಾದ್ಯ, ಸನ್ನದು, ಸರಕು ಇವು ಎಂಟು ಬಣ್ಣಗಳ ಗುರುತುಗಳು. ಹಿಂದೂ ಚಿತ್ರಕಾರರ ಕೈಗೆ ಬಂದಾಗ ಈ ಆಟ ಇನ್ನೊಂದು ರೂಪವನ್ನು ತಾಳಿತು. ನಾಣ್ಯ, ಖಡ್ಗಗಳ ಜಾಗದಲ್ಲಿ ವಿಷ್ಣುವಿನ ಹತ್ತು ಅವತಾರಗಳು ಬಂದು ಕುಳಿತವು. ಹತ್ತು ಬಣ್ಣ, ಬಣ್ಣಕ್ಕೆ ಹನ್ನೆರಡು ಎಲೆ. ಹೀಗೆ ದಶಾವತಾರ ಗಂಜೀಫಾದಲ್ಲಿ 120 ಎಲೆಗಳು. ಮತ್ಸ್ಯಾವತಾರಕ್ಕೆ ಮೀನು, ಕೂರ್ಮಕ್ಕೆ ಆಮೆ, ಪರಶುರಾಮನಿಗೆ ಕೊಡಲಿ ಗುರುತು. ಐದು ಕೊಡಲಿಗಳಿದ್ದರೆ ಅದು ಪರಶುರಾಮನ ಐದನೆಯ ಎಲೆ. ಓದುಬರಹ ಬಾರದವನೂ ಕಣ್ಣು ಹಾಯಿಸಿದೊಡನೆ ಎಲೆಯನ್ನು ಗುರುತಿಸಬಲ್ಲ.

ಮೂವರು ಕೂಡಿ ಆಡುವ ಆಟವಿದು. 96 ಎಲೆಗಳ ಕಟ್ಟಾದರೆ ಒಬ್ಬೊಬ್ಬರಿಗೆ 32, ದಶಾವತಾರದ ಕಟ್ಟಾದರೆ 40 ಎಲೆಗಳು. ಇಸ್ಪೀಟಿನಲ್ಲಿರುವಂತೆ ತುರುಫು ಇದರಲ್ಲಿಲ್ಲ. ಯಾವ ಬಣ್ಣದ ಎಲೆ ಕೆಳಗೆ ಬಿತ್ತೋ ಆ ಬಣ್ಣದ ದೊಡ್ಡ ಎಲೆಗೆ ಗೆಲುವು. ದೊಡ್ಡ ಎಲೆಗಳೆಲ್ಲ ಆಟದಿಂದ ಹೊರಬಿದ್ದರೆ ಕೈಯಲ್ಲಿರುವ ಚಿಕ್ಕ ಎಲೆಯೇ ದೊಡ್ಡದಾಗುತ್ತದೆ. ಆದ್ದರಿಂದ ಯಾವ ಎಲೆ ಹೋಯಿತು, ಯಾವುದು ಉಳಿಯಿತು ಎಂಬುದನ್ನು ಆಟಗಾರನು ಕೊನೆಯವರೆಗೆ ನೆನಪಿಡಬೇಕು. ನೂರಿಪ್ಪತ್ತು ಎಲೆಗಳ ಲೆಕ್ಕವನ್ನು ತಲೆಯಲ್ಲಿ ಹೊತ್ತುಕೊಂಡು ಕೂಡುವುದು ಸಾಮಾನ್ಯ ಸಂಗತಿಯಲ್ಲ.

ಈ ಆಟದಲ್ಲಿ ಎರಡು ಸೊಗಸಾದ ನಿಯಮಗಳುಂಟು. ಹಗಲಿನಲ್ಲಿ ಆಡಿದರೆ ಚಿನ್ನದ ನಾಣ್ಯದ ರಾಜನು ಯಾರ ಕೈಯಲ್ಲಿದ್ದಾನೋ ಅವರು ಆಟವನ್ನು ಮೊದಲು ಮಾಡಬೇಕು. ರಾತ್ರಿಯಾದರೆ ಬೆಳ್ಳಿಯ ನಾಣ್ಯದ ರಾಜನುಳ್ಳವರು ಮೊದಲು ಮಾಡಬೇಕು. ಚಿನ್ನವೆಂದರೆ ಸೂರ್ಯ, ಬೆಳ್ಳಿಯೆಂದರೆ ಚಂದ್ರ! ಎರಡನೆಯ ನಿಯಮ ಇನ್ನೂ ವಿಚಿತ್ರವಾದುದು. ಎಂಟು ಬಣ್ಣಗಳಲ್ಲಿ ನಾಲ್ಕರಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದ ನಾಲ್ಕರಲ್ಲಿ ಲೆಕ್ಕ ತಲೆಕೆಳಗು; ಅಲ್ಲಿ ರಾಜ, ಮಂತ್ರಿಗಳ ಕೆಳಗೆ ಒಂದೇ ದೊಡ್ಡದು, ಹತ್ತು ಎಲ್ಲಕ್ಕಿಂತ ಚಿಕ್ಕದು. ಬೆಳ್ಳಿಯ ನಾಣ್ಯ ಮೊದಲನೆಯ ಗುಂಪಿಗೆ ಸೇರಿದೆ. ಚಿನ್ನದ ನಾಣ್ಯ ಎರಡನೆಯ ಗುಂಪಿಗೆ ಸೇರಿದೆ. ಬೆಳ್ಳಿಗೆ ಹತ್ತಿದ್ದರೆ ಬೆಲೆ, ಚಿನ್ನಕ್ಕೆ ಒಂದಿದ್ದರೇ ಬೆಲೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಗಂಜೀಫಾ ಎಲೆಗಳಲ್ಲಿ ಎರಡು ಅಂತಸ್ತುಗಳಿದ್ದವು. ಜನಸಾಮಾನ್ಯರ ಎಲೆಗಳು ಬಟ್ಟೆಯಿಂದಲೋ ಕಾಗದದಿಂದಲೋ ತಯಾರಾಗಿ ಪೇಟೆಯಲ್ಲಿ ಮಾರಾಟವಾಗುತ್ತಿದ್ದವು. ಇವು ಬಜಾರಿನ ಎಲೆಗಳು. ಅರಸರ, ಶ್ರೀಮಂತರ ಎಲೆಗಳು ದಂತ, ಆಮೆಯ ಚಿಪ್ಪು ಮೊದಲಾದವುಗಳಿಂದ ತಯಾರಾಗಿ ಚಿನ್ನದ ಲೇಪವನ್ನೂ ಕೆಲವೊಮ್ಮೆ ರತ್ನಗಳನ್ನೂ ಧರಿಸುತ್ತಿದ್ದವು. ಇವು ದರ್ಬಾರಿನ ಎಲೆಗಳು. ಇಂದು ದಂತದ ಕೆಲಸಕ್ಕೆ ಅವಕಾಶವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ಮುಂದಿನ ತಿದ್ದುಪಡಿಗಳು ಅದನ್ನು ತಡೆದಿವೆ. ಒಂದು ಆಟಕ್ಕಾಗಿ ಆನೆಯ ಪ್ರಾಣ ಹೋಗಬಾರದಷ್ಟೆ.

ಚಿನ್ನದ ಲೇಪವೆಂದರೆ ಹೇಗಿರುತ್ತದೆಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ವಿಜಯಪುರದ ಜುಮ್ಮಾ ಮಸೀದಿಯೊಳಗೆ, ಪ್ರಾರ್ಥನೆಯ ದಿಕ್ಕನ್ನು ತೋರಿಸುವ ಮಿಹ್ರಾಬ್ ಎಂಬ ಗೋಡೆಯ ಗೂಡನ್ನು ನೋಡಿದರೆ ಸಾಕು. ಮಹಮ್ಮದ್ ಆದಿಲ್‌ಶಾಹನ ಆಳ್ವಿಕೆಯಲ್ಲಿ, 1636ರಲ್ಲಿ, ಮಲಿಕ್ ಯಾಕೂತ್ ಎಂಬ ಅಧಿಕಾರಿ ಇದನ್ನು ಚಿನ್ನ ಮತ್ತು ಬಣ್ಣಗಳಿಂದ ಅಲಂಕರಿಸಿದನೆಂದು ಅಲ್ಲಿಯ ಶಾಸನ ತಿಳಿಸುತ್ತದೆ. ಗೋಡೆಯ ಮೇಲೆ ಬರೆದ ಚಿಕ್ಕ ಚಿಕ್ಕ ಗೂಡುಗಳು, ಅವುಗಳಲ್ಲಿ ಇಟ್ಟಂತೆ ತೋರುವ ಪುಸ್ತಕಗಳು, ಹೂದಾನಿಗಳು, ಇವೆಲ್ಲವುಗಳ ಮೇಲೆ ಹೊನ್ನಿನ ಕಾಂತಿ ಇಂದಿಗೂ ಉಳಿದಿದೆ. ಶಾಸನದಲ್ಲಿ ಮಾಡಿಸಿದವನ ಹೆಸರಿದೆ. ಬಣ್ಣ ಅರೆದವರ, ಕುಂಚ ಹಿಡಿದವರ, ಚಿನ್ನ ತಿಕ್ಕಿದವರ ಹೆಸರುಗಳು ನಮಗೆ ಉಳಿದಿಲ್ಲ. ಗೋಲಗುಮ್ಮಟದ ಮುಂದಿನ ನಗಾರಖಾನೆಯ ವಸ್ತುಸಂಗ್ರಹಾಲಯಕ್ಕೆ ಹೋದಾಗ ಅಲ್ಲಿಯ ಹಸ್ತಪ್ರತಿಗಳನ್ನೂ ಕಿರುಚಿತ್ರಗಳನ್ನೂ ನೋಡುತ್ತ ಈ ಹೆಸರಿಲ್ಲದವರನ್ನು ಒಮ್ಮೆ ನೆನೆಯಿರಿ.

ಚಿನ್ನವನ್ನು ಚಿತ್ರಕ್ಕೆ ಏರಿಸಲು ಎರಡು ದಾರಿಗಳಿವೆ. ಮೊದಲನೆಯದು ರೇಕಿನ ದಾರಿ. ಚಿನ್ನವನ್ನು ಸುತ್ತಿಗೆಯಿಂದ ಬಡಿದು ಬಡಿದು, ಉಸಿರು ತಗುಲಿದರೂ ಹಾರಿಹೋಗುವಷ್ಟು ತೆಳುವಾದ ರೇಕು ಮಾಡುತ್ತಾರೆ. ಅಂಟು ಹಚ್ಚಿದ ಜಾಗದ ಮೇಲೆ ಅದನ್ನು ಇಳಿಸಿ, ಮೇಲೆ ತೆಳುಗಾಗದವನ್ನಿಟ್ಟು ಮೆಲ್ಲನೆ ಒತ್ತುತ್ತಾರೆ. ಎರಡನೆಯದು ಮಸಿಯ ದಾರಿ. ರೇಕನ್ನು ಗೋಂದಿನೊಡನೆ ತಾಸುಗಟ್ಟಲೆ ಅರೆದು, ನೀರಿನಲ್ಲಿ ತೊಳೆದು, ತಳಕ್ಕಿಳಿದ ನುಣುಪಾದ ಚಿನ್ನದ ಪುಡಿಯನ್ನು ಮತ್ತೆ ತುಸು ಗೋಂದಿನಲ್ಲಿ ಕಲಸಿ ಕುಂಚದಿಂದ ಬರೆಯುತ್ತಾರೆ. ಬರೆದಾಗ ಅದು ಮಣ್ಣಿನಂತೆ ಮಂಕಾಗಿರುತ್ತದೆ. ಒಣಗಿದ ಮೇಲೆ ಅಗೇಟ್ ಎಂಬ ನುಣುಪಾದ ಕಲ್ಲಿನಿಂದ ಉಜ್ಜಿದಾಗಲೇ ಅದರೊಳಗಿನ ಬೆಳಕು ಹೊರಗೆ ಬರುತ್ತದೆ.

ಇಲ್ಲಿ ನೀವು ಒಂದು ಸಣ್ಣ ಲೆಕ್ಕ ಮಾಡಿ ನೋಡಬೇಕು. ಒಂದು ಗ್ರಾಂ ಚಿನ್ನವನ್ನು ಬಡಿದು ಸುಮಾರು ಒಂದು ಚದರ ಮೀಟರ್ ಅಗಲಕ್ಕೆ ಹರಡಬಹುದು. ಆರು ಸೆಂಟಿಮೀಟರ್ ಅಡ್ಡಳತೆಯ ಒಂದು ದುಂಡು ಎಲೆಯ ವಿಸ್ತೀರ್ಣ ಸುಮಾರು 28 ಚದರ ಸೆಂಟಿಮೀಟರ್. ನೂರಿಪ್ಪತ್ತು ಎಲೆಗಳನ್ನೂ ಅಂಚಿನಿಂದ ಅಂಚಿಗೆ ಚಿನ್ನದಿಂದ ಮುಚ್ಚಿದರೂ ಆಗುವುದು ಒಂದು ಚದರ ಮೀಟರಿನ ಮೂರನೆಯ ಒಂದು ಭಾಗ. ಅಂದರೆ ಇಡೀ ಕಟ್ಟಿಗೆ ಬೇಕಾದ ಚಿನ್ನ ಒಂದು ಗ್ರಾಮಿನ ಮೂರನೆಯ ಒಂದು ಭಾಗ ಮಾತ್ರ! ಮೂಗುತಿಗೂ ಸಾಲದಷ್ಟು. ಇನ್ನು ದುಡಿಮೆಯ ಲೆಕ್ಕವನ್ನು ಹಿಡಿಯಿರಿ. ಒಬ್ಬ ಚಿತ್ರಕಾರ ದಿನಕ್ಕೆ ನಾಲ್ಕು ಎಲೆಗಳನ್ನು ಬರೆದು ಮುಗಿಸುತ್ತಾನೆಂದರೂ 120 ಎಲೆಗಳಿಗೆ ಪೂರ್ತಿ ಮೂವತ್ತು ದಿನಗಳು ಬೇಕು. ಎಲೆಯಲ್ಲಿ ಕಣ್ಣಿಗೆ ಹೊಳೆಯುವುದು ಚಿನ್ನ. ಬೆಲೆಯುಳ್ಳದ್ದು ಆ ಮೂವತ್ತು ದಿನಗಳು.

ಕನ್ನಡ ನಾಡಿನಲ್ಲಿ ಈ ಎಲೆಗಳಿಗೆ ಬಹು ದೊಡ್ಡ ಆಶ್ರಯ ದೊರೆತುದು ಮೈಸೂರಿನಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಎಳೆಯ ಬಾಲಕರಾಗಿರುವಾಗಲೇ, 1799ರಲ್ಲಿ, ಪಟ್ಟಕ್ಕೆ ಬಂದವರು. 1831ರಲ್ಲಿ ಬ್ರಿಟಿಷರು ಅವರ ಕೈಯಿಂದ ಆಡಳಿತವನ್ನು ಕಿತ್ತುಕೊಂಡರು. ಆಳುವ ಅಧಿಕಾರ ಹೋದರೂ ಅವರ ಬುದ್ಧಿ ಸುಮ್ಮನೆ ಕೂಡಲಿಲ್ಲ. ಸಾಹಿತ್ಯ, ಸಂಗೀತ, ಚಿತ್ರಕಲೆಗಳ ಕಡೆಗೆ ಅದು ಹರಿಯಿತು. ಅವರ ಹೆಸರಿನಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ ಎಂಬ ಸಚಿತ್ರ ಮಹಾಗ್ರಂಥದಲ್ಲಿ ಒಂಬತ್ತು ನಿಧಿಗಳಿವೆ. ಅವುಗಳಲ್ಲಿ ಕೊನೆಯದು ‘ಕೌತುಕನಿಧಿ’. ಅದರಲ್ಲಿ ಆಟಗಳ ವರ್ಣನೆಯಿದೆ. ಮೈಸೂರಿನಲ್ಲಿ ಎಲೆಗಳ ಆಟಕ್ಕೆ ‘ಛದ’ ಎಂದು ಹೆಸರು. ಸಂಸ್ಕೃತದಲ್ಲಿ ಈ ಶಬ್ದಕ್ಕೂ ಎಲೆಯೆಂದೇ ಅರ್ಥ.

ಒಡೆಯರ ಕಲ್ಪನೆಗೆ ಹನ್ನೆರಡು ಎಲೆಗಳ ಬಣ್ಣ ಸಾಲದಾಯಿತು. ಅವರು ಹನ್ನೆರಡು ಎಣಿಕೆಯ ಎಲೆಗಳಿಗೆ ಆರು ಮುಖದ ಎಲೆಗಳನ್ನು ಸೇರಿಸಿ ಒಂದು ಬಣ್ಣಕ್ಕೆ ಹದಿನೆಂಟು ಎಲೆಗಳನ್ನು ಮಾಡಿದರು. ದಶಾವತಾರ, ನವಗ್ರಹ, ದೇವಿಯ ರೂಪಗಳು ಇವುಗಳನ್ನೆಲ್ಲ ಎಲೆಗಳ ಮೇಲೆ ತಂದರು. ಕೆಲವು ಕಟ್ಟುಗಳಲ್ಲಿ ಎಲೆಗಳ ಸಂಖ್ಯೆ 360ರವರೆಗೆ ಏರಿತು. ಹಿಂದಿನ ಲೆಕ್ಕದಂತೆ ಒಬ್ಬನೇ ಚಿತ್ರಕಾರನು ಇಂತಹ ಕಟ್ಟನ್ನು ಬರೆಯಲು ಕುಳಿತರೆ ಮೂರು ತಿಂಗಳಿಗೆ ಮುಗಿದೀತು. ಇಷ್ಟು ಜಟಿಲವಾದ ಆಟ ಅರಮನೆಯ ಹೊರಗೆ ಹರಡಲಿಲ್ಲ. ಆದರೆ ಒಬ್ಬ ಅರಸನ ಆಟದ ಹಂಬಲದಿಂದ ಹಲವು ಚಿತ್ರಗಾರರ ಮನೆಗಳಲ್ಲಿ ಒಲೆ ಉರಿಯಿತು, ಕುಂಚ ಒಣಗದೆ ಉಳಿಯಿತು.

ಒಂದು ಕಟ್ಟು ಎಲೆ ಹೇಗೆ ಸಿದ್ಧವಾಗುತ್ತದೆ ಎಂಬುದನ್ನು ಈಗ ನೋಡೋಣ. ಬಟ್ಟೆಯ ಎಲೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಹಳೆಯ, ಮೆತ್ತಗಿನ ಹತ್ತಿ ಬಟ್ಟೆಯ ಪದರುಗಳನ್ನು ಹುಣಸೆ ಬೀಜದ ಅಂಟಿನಿಂದ ಒಂದರ ಮೇಲೊಂದು ಕೂಡಿಸುತ್ತಾರೆ. ನಮ್ಮ ಕಡೆ ಕಂಬಳಿ ನೇಯುವವರ ಮನೆಯಲ್ಲಿ ಹುಣಸೆ ಬೀಜದ ಸರಿಯನ್ನು ಕುದಿಸಿ ಹಚ್ಚುವುದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಗೊಂಬೆ ಮಾಡುವ ಚಿತ್ರಗಾರರಿಗೂ ಇದೇ ಅಂಟು ಆಧಾರ. ಪದರುಗಳು ಒಣಗಿದ ಮೇಲೆ ಬಿಳಿ ಸುದ್ದೆಯ ಪುಡಿಯನ್ನು ಅಂಟಿನಲ್ಲಿ ಕಲಸಿ ಎರಡೂ ಬದಿಗೆ ಬಳಿದು, ನುಣುಪುಗಲ್ಲಿನಿಂದ ತಿಕ್ಕುತ್ತಾರೆ. ಒಣಗುವ ಮುನ್ನ ಅವಸರ ಮಾಡಿದರೆ ಎಲೆ ಸೊಟ್ಟಗಾಗುತ್ತದೆ. ತಿಕೋಟಾದ ಕಡೆಯ ದ್ರಾಕ್ಷಿ ಬೆಳೆಗಾರರ ಮಕ್ಕಳಿಗೆ ಈ ಮಾತು ಬೇಗ ತಿಳಿಯುತ್ತದೆ. ದ್ರಾಕ್ಷಿಯನ್ನು ನೆರಳಿನ ಶೆಡ್ಡಿನಲ್ಲಿ ಹರಡಿ, ದಿನಗಟ್ಟಲೆ ಕಾದರೇ ಬಣ್ಣಗೆಡದ ಒಣದ್ರಾಕ್ಷಿ ಸಿಗುವುದು. ಒಣಗುವುದೂ ಒಂದು ಕೆಲಸವೇ.

ಹೀಗೆ ಸಿದ್ಧವಾದ ಹಾಳೆಯಿಂದ ದುಂಡು ಬಿಲ್ಲೆಗಳನ್ನು ಕತ್ತರಿಸಿ, ಒಂದೊಂದು ಬಣ್ಣಕ್ಕೆ ಒಂದೊಂದು ನೆಲೆಬಣ್ಣ ಕೊಡುತ್ತಾರೆ. ಬಳಿಕ ಚಿತ್ರಗಾರನು ಅಳಿಲಿನ ಕೂದಲಿನಂತಹ ಸೂಕ್ಷ್ಮ ಕುಂಚದಿಂದ ಚಿತ್ರ ಬರೆಯುತ್ತಾನೆ. ಮೈಸೂರು ಶೈಲಿಯಲ್ಲಾದರೆ ಕಿರೀಟ, ಒಡವೆ, ಪ್ರಭಾವಳಿಗಳು ಇರುವಲ್ಲಿ ಸೀಸದ ಬಿಳುಪು, ಹಳದಿ ಬಣ್ಣದ ಒಂದು ಮರದ ಹಾಲು ಮತ್ತು ಅಂಟು ಇವನ್ನು ಕಲಸಿದ ಲೇಪದಿಂದ ನವಿರಾದ ಉಬ್ಬುಗೆರೆಗಳನ್ನೆಳೆದು, ಅವುಗಳ ಮೇಲೆ ಚಿನ್ನದ ರೇಕನ್ನು ಕೂಡಿಸುವುದು ವಾಡಿಕೆ. ಮೈಸೂರು ಚಿತ್ರಗಳ ಈ ಉಬ್ಬು ತಂಜಾವೂರಿನ ಚಿತ್ರಗಳಷ್ಟು ದಪ್ಪವಲ್ಲ. ಹತ್ತಿರದಿಂದ ನೋಡಿದರಷ್ಟೇ ತಿಳಿಯುವಂತಹುದು.

ಇಷ್ಟೆಲ್ಲ ಮುಖದ ಮಾತಾಯಿತು. ಎಲೆಯ ಬೆನ್ನು ಇನ್ನೂ ಕಠಿಣವಾದುದು. ಮುಖ ಎಷ್ಟು ಬಗೆಯಾಗಿದ್ದರೆ ಅಷ್ಟು ಚೆಂದ. ಬೆನ್ನು ಮಾತ್ರ ಎಲ್ಲ ಎಲೆಗಳಿಗೂ ಒಂದೇ ಆಗಿರಬೇಕು. ಒಂದು ಎಲೆಯ ಬೆನ್ನಿನ ಮೇಲೆ ಕೂದಲಷ್ಟು ಗೀರು ಬಿದ್ದರೂ ಎದುರಾಳಿ ಅದನ್ನು ಗುರುತು ಹಿಡಿದಾನು. ಅಲ್ಲಿಗೆ ಆಟ ಕೆಟ್ಟಿತು. ಆದ್ದರಿಂದ ಬೆನ್ನಿಗೆ ಒಂದೇ ಬಣ್ಣ ಬಳಿದು ಅರಗಿನ ಹೊಳಪು ಕೊಡುತ್ತಾರೆ. ಮುಖದಲ್ಲಿ ಚಿತ್ರಗಾರನ ಕಲ್ಪನೆ ಕಾಣುತ್ತದೆ, ಬೆನ್ನಿನಲ್ಲಿ ಅವನ ಪ್ರಾಮಾಣಿಕತೆ ಕಾಣುತ್ತದೆ. ಯಾವ ಕೆಲಸದಲ್ಲಿಯಾದರೂ ಈ ಎರಡೂ ಬೇಕಲ್ಲವೆ?

ಇಂತಹ ಎಲೆಗಳು ನಮ್ಮ ಮನೆಗಳಿಂದ ಮಾಯವಾದುದೇಕೆ? ಯಾರೂ ಅವುಗಳನ್ನು ನಿಷೇಧಿಸಲಿಲ್ಲ, ಯಾರೂ ಸುಡಲಿಲ್ಲ. ಒಂದು ಯಂತ್ರ ಬಂದಿತು. ಮುಮ್ಮಡಿ ಕೃಷ್ಣರಾಜರು ಆಡಳಿತ ಕಳೆದುಕೊಂಡ ಕಾಲಕ್ಕೆ ಸರಿಯಾಗಿ, 1830ರ ದಶಕದ ಆರಂಭದಲ್ಲಿ, ಲಂಡನ್ನಿನ ಥಾಮಸ್ ಡಿ ಲಾ ರೂ ಎಂಬ ಮುದ್ರಕನು ಇಸ್ಪೀಟೆಲೆಗಳನ್ನು ಬಣ್ಣಗಳಲ್ಲಿ ಅಚ್ಚು ಹಾಕುವ ಸುಧಾರಿತ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಚಿತ್ರಗಾರನು ಒಂದು ಎಲೆಯನ್ನು ಬರೆಯುವ ಹೊತ್ತಿಗೆ ಯಂತ್ರವು ಕಟ್ಟುಗಟ್ಟಲೆ ಎಲೆಗಳನ್ನು ಉದುರಿಸಿತು. ಅವುಗಳ ಬೆನ್ನು ಅಳೆದು ಮಾಡಿದಂತೆ ಒಂದೇ ಆಗಿತ್ತು, ಬೆಲೆ ಕೈಗೆಟುಕುವಂತಿತ್ತು, ಎಣಿಕೆ 52 ಮಾತ್ರವಾದ್ದರಿಂದ ನೆನಪಿಗೂ ಹಗುರ. ವಿದೇಶದ ಅಚ್ಚಿನ ಎಲೆಗಳು ಹಡಗುಗಳಲ್ಲಿ ಬಂದು ಪೇಟೆಗಳನ್ನು ತುಂಬಿದವು. ಮೊದಲು ಬಜಾರಿನ ಎಲೆ ಹೋಯಿತು. ಅರಸೊತ್ತಿಗೆಯೊಡನೆ ದರ್ಬಾರಿನ ಎಲೆಯೂ ಹೋಯಿತು. ಆಡುವವರು ಕಡಿಮೆಯಾದಂತೆ ಆಟದ ನಿಯಮಗಳು ಹಿರಿಯರ ನೆನಪಿನಲ್ಲಷ್ಟೇ ಉಳಿದವು. ಹಿರಿಯರೊಡನೆ ಅವೂ ಹೋದವು.

ಈ ಕಥೆ ಇಲ್ಲಿಗೇ ಮುಗಿಯಬೇಕಾಗಿತ್ತು. ಮುಗಿಯದಂತೆ ತಡೆದವರು ಕೆಲವರುಂಟು. ಬೆಳಗಾವಿಯಿಂದ ಘಟ್ಟವಿಳಿದರೆ ಸಿಗುವ, ಮಹಾರಾಷ್ಟ್ರದ ಸಾವಂತವಾಡಿ ಅಂತಹ ಒಂದು ಊರು. ಹಿಂದೊಮ್ಮೆ ಈ ಸೀಮೆ ವಿಜಯಪುರದ ಆದಿಲ್‌ಶಾಹಿಗೆ ಸೇರಿತ್ತು. ಅಲ್ಲಿಯ ಸಾವಂತ ಮನೆತನದವರು ಆ ದೊರೆತನದ ದೇಸಾಯರಾಗಿದ್ದರು. 1970ರ ದಶಕದ ಆರಂಭದ ಹೊತ್ತಿಗೆ ಅಲ್ಲಿ ಗಂಜೀಫಾ ಬರೆಯಬಲ್ಲವರು ಬೆರಳೆಣಿಕೆಗೆ ಇಳಿದಿದ್ದರು. ಆಗ ಅಲ್ಲಿಯ ರಾಜಮನೆತನದ ಶಿವರಾಮರಾಜೆ ಭೋಂಸ್ಲೆ ಮತ್ತು ಸತ್ವಶೀಲಾದೇವಿ ದಂಪತಿಗಳು, ಪುಂಡಲೀಕ ಚಿತಾರಿ ಎಂಬ ವೃದ್ಧ ಕುಶಲಕರ್ಮಿಯ ಕೈಯಲ್ಲಿ ಉಳಿದಿದ್ದ ವಿದ್ಯೆಯನ್ನು ಕಾಪಾಡಲು ಮುಂದಾದರು. ರಾಣಿಯವರು ತಾವೇ ಶಿಷ್ಯೆಯಾಗಿ ಕುಳಿತು ಕುಂಚ ಹಿಡಿದು ಕಲಿತರು. ಅರಮನೆಯಲ್ಲಿಯೇ ಕೆಲಸದ ಮನೆಯನ್ನು ತೆರೆದು ಊರಿನವರಿಗೆ ಕಲಿಸಲು ಏರ್ಪಾಡು ಮಾಡಿದರು. ಒಬ್ಬ ಮುದುಕನ ಬೆರಳುಗಳಿಂದ ಹಲವು ಎಳೆಯ ಬೆರಳುಗಳಿಗೆ ವಿದ್ಯೆ ದಾಟಿತು.

ಮೈಸೂರು, ಶ್ರೀರಂಗಪಟ್ಟಣಗಳ ಪರಿಸರದಲ್ಲಿ ಈ ಕಲೆಗೆ ಮರುಜೀವ ಕೊಡಲು ಶ್ರಮಿಸಿದವರಲ್ಲಿ ರಘುಪತಿ ಭಟ್ಟರ ಹೆಸರು ಮುಖ್ಯವಾದುದು. ಕಲೆಯ ಹೆಸರೇ ಅವರ ಹೆಸರಿಗೆ ಅಂಟಿ ಅವರು ‘ಗಂಜೀಫಾ ರಘುಪತಿ ಭಟ್ಟ’ರೆಂದೇ ಪ್ರಸಿದ್ಧರಾದರು. ಮೈಸೂರಿನ ಗಂಜೀಫಾ ಎಲೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ವಿದೇಶೀಯರ ಆಸಕ್ತಿಯೂ ಇದಕ್ಕೆ ಒದಗಿತು. ಮುಂಬಯಿಯಲ್ಲಿ ಬಹುಕಾಲ ನೆಲೆಸಿದ್ದ ರುಡಾಲ್ಫ್ ವಾನ್ ಲೈಡನ್ ಎಂಬ ಜರ್ಮನ್ ಮೂಲದ ಕಲಾವಿಮರ್ಶಕರು ಭಾರತದ ಆಟದ ಎಲೆಗಳನ್ನು ಸಂಗ್ರಹಿಸಿ, ಅಭ್ಯಾಸ ಮಾಡಿ, 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ಮೂಲಕ ಅವುಗಳ ಬಗೆಗೆ ಪುಸ್ತಕ ಬರೆದರು.

ಇತ್ತೀಚೆಗೆ ಜಗತ್ತಿನಲ್ಲಿ ಒಂದು ಹೊಸ ಅಭಿರುಚಿ ಕಾಣಿಸಿಕೊಂಡಿದೆ. ಯಂತ್ರದ ಎಲೆಗಳಿಂದ ಬೇಸತ್ತವರು ಅಪರೂಪದ ಎಲೆಗಳನ್ನು ಹುಡುಕತೊಡಗಿದ್ದಾರೆ. ಅವರಿಗಾಗಿ ‘ಸೀಮಿತ ಆವೃತ್ತಿ’ಯ ಕಟ್ಟುಗಳು ಸಿದ್ಧವಾಗುತ್ತವೆ. ಕಲಾವಿದನೊಬ್ಬ ಹೊಸದಾಗಿ ಚಿತ್ರಗಳನ್ನು ಬರೆದು, ಐನೂರೋ ಸಾವಿರವೋ ಕಟ್ಟುಗಳನ್ನು ಮಾತ್ರ ಅಚ್ಚು ಹಾಕಿಸಿ, ಒಂದೊಂದಕ್ಕೂ ಕ್ರಮಸಂಖ್ಯೆ ಕೊಟ್ಟು ಮಾರುತ್ತಾನೆ. ಎಲೆಗಳ ಅಂಚಿಗೆ ಹೊನ್ನಿನ ಹೊಳಪನ್ನೂ ಕೊಡುವುದುಂಟು. ಇಡೀ ಕಟ್ಟನ್ನು ಬಿಗಿಯಾಗಿ ಹಿಡಿಕೆಯಲ್ಲಿ ಒತ್ತಿ, ಅಂಚನ್ನು ತಿಕ್ಕಿ ನುಣುಪು ಮಾಡಿ, ಕಾಯಿಸಿದ ಉರುಳೆಯಿಂದ ಹೊಂಬಣ್ಣದ ಹಾಳೆಯನ್ನು ಅಂಟಿಸುತ್ತಾರೆ. ಈ ಹಾಳೆಯಲ್ಲಿ ಬಹುಮಟ್ಟಿಗೆ ಚಿನ್ನವಿರುವುದೇ ಇಲ್ಲ. ಅಲ್ಯೂಮಿನಿಯಮ್ಮಿನ ತೆಳುವಾದ ಪದರಿಗೆ ಹಳದಿ ಬಣ್ಣ ಕೊಟ್ಟಿರುತ್ತಾರೆ. ಈ ಕೆಲಸದಲ್ಲಿಯೂ ಜಾಣ್ಮೆಯಿದೆ, ಸೌಂದರ್ಯವಿದೆ, ಅಲ್ಲಗಳೆಯುವಂತಿಲ್ಲ. ಆದರೆ ಒಂದು ವ್ಯತ್ಯಾಸವನ್ನು ನೀವು ಗಮನಿಸಬೇಕು. ಯಂತ್ರವು ಐದು ಲಕ್ಷ ಕಟ್ಟುಗಳನ್ನು ತಯಾರಿಸಬಲ್ಲದು. ಐನೂರಕ್ಕೆ ನಿಲ್ಲಿಸುವುದು ಮನುಷ್ಯನ ನಿರ್ಧಾರ. ಚಿತ್ರಗಾರನ ಕೈಗೆ ಇಂತಹ ನಿರ್ಧಾರವೇ ಬೇಕಾಗಿಲ್ಲ. ಅವನ ಕಣ್ಣಿನ ಶಕ್ತಿ, ಅವನ ಬೆನ್ನಿನ ನೋವು, ಅವನ ಆಯುಷ್ಯ ಇವೇ ಅದಕ್ಕೆ ಸೀಮೆ. ಅವನು ಬರೆದ ಪ್ರತಿಯೊಂದು ಕಟ್ಟೂ ಒಂದೇ ಪ್ರತಿಯ ಆವೃತ್ತಿ. ಹಿಂದೆ ಹೇಳಿದ ಆಟದ ನಿಯಮ ಈಗ ನೆನಪಾಗಲಿಲ್ಲವೆ? ಚಿನ್ನದ ಬಣ್ಣದಲ್ಲಿ ಹತ್ತಕ್ಕಿಂತ ಒಂದು ದೊಡ್ಡದು.

ಹಾಗಾದರೆ ಗಂಜೀಫಾ ಉಳಿಯಿತೆಂದು ನಾವು ಸಮಾಧಾನ ತಾಳಬಹುದೆ? ಅರ್ಧ ಮಾತ್ರ ಉಳಿದಿದೆ ಎನ್ನಬೇಕಾಗುತ್ತದೆ. ಇಂದು ಈ ಎಲೆಗಳನ್ನು ಕೊಳ್ಳುವವರು ಗಾಜಿನ ಚೌಕಟ್ಟಿನಲ್ಲಿಟ್ಟು ಗೋಡೆಗೆ ತೂಗುಹಾಕುತ್ತಾರೆ. ಅವರಲ್ಲಿ ಆಡಬಲ್ಲವರು ತೀರ ಕಡಿಮೆ. ವೀಣೆಯನ್ನು ಕೊಂಡು ಮೂಲೆಯಲ್ಲಿ ನಿಲ್ಲಿಸಿದಂತೆ ಇದು. ವೀಣೆಯನ್ನು ಮಾಡುವವನಿಗೆ ಕೂಲಿ ಸಿಕ್ಕೀತು, ಆದರೆ ನುಡಿಸುವವರಿಲ್ಲದೆ ಅವನಿಗೆ ತನ್ನ ಕೆಲಸದ ಗುಣದೋಷ ಹೇಗೆ ತಿಳಿಯಬೇಕು? ಎಲೆ ಕೈಯಲ್ಲಿ ಜಾರುತ್ತದೆಯೋ ಇಲ್ಲವೋ, ಐದು ಕೊಡಲಿ ಆರರಂತೆ ಕಾಣುತ್ತದೆಯೋ ಏನೋ, ಬೆನ್ನಿನ ಹೊಳಪು ಸವೆಯುತ್ತದೆಯೋ ಹೇಗೆ ಎಂಬುದನ್ನು ಹೇಳಬೇಕಾದವನು ಆಡುವವನು. ಮಾಡುವವನ ಕೈಯನ್ನು ತಿದ್ದುವುದು ಬಳಸುವವನ ಕೈ. ಗೋಡೆಗೆ ತೂಗುಹಾಕುವ ಎಲೆಗೆ ಬೆನ್ನೇ ಬೇಕಾಗಿಲ್ಲ. ಬೆನ್ನು ಹೋದರೆ ಬೆನ್ನಿನೊಡನೆ ಆ ಪ್ರಾಮಾಣಿಕತೆಯೂ ಹೋದೀತು.

ಚಿನ್ನದ ಎಲೆಗಳನ್ನು ಕೊಳ್ಳುವ ಶಕ್ತಿ ನಮ್ಮಲ್ಲಿ ಎಲ್ಲರಿಗೂ ಇಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಹುಣಸೆ ಬೀಜ ನಮ್ಮ ಹಿತ್ತಿಲಲ್ಲಿದೆ, ಹಳೆಯ ಧೋತರದ ತುಂಡು ಮನೆಯಲ್ಲಿದೆ, ಹತ್ತು ಅವತಾರಗಳ ಕಥೆ ಅಜ್ಜಿಯ ಬಾಯಲ್ಲಿದೆ. ನಾಲ್ವರು ಗೆಳೆಯರು ಕೂಡಿ ಬೇಸಗೆಯ ರಜೆಯಲ್ಲಿ ನೂರಿಪ್ಪತ್ತು ಬಿಲ್ಲೆಗಳನ್ನು ಮಾಡುವುದು ಕಠಿಣವಲ್ಲ. ನಿಮಗೆ ಹಿಡಿಸಿದ ಹತ್ತು ವಸ್ತುಗಳನ್ನು ಹತ್ತು ಬಣ್ಣಗಳಿಗೆ ಆರಿಸಿಕೊಳ್ಳಬಹುದು: ಜೋಳದ ತೆನೆ, ದ್ರಾಕ್ಷಿಯ ಗೊಂಚಲು, ಗೋಲಗುಮ್ಮಟ, ಎತ್ತು, ಬಾರಕೋಲು. ಮೊದಲ ಎಲೆ ಸೊಟ್ಟಗಾದೀತು, ಹತ್ತನೆಯದು ನೆಟ್ಟಗಾದೀತು, ನೂರನೆಯದರ ಹೊತ್ತಿಗೆ ಚಿತ್ರಗಾರನ ಕಷ್ಟವೇನೆಂಬುದು ನಿಮ್ಮ ಬೆರಳಿಗೇ ತಿಳಿದೀತು. ಬಳಿಕ ಪಣವಿಲ್ಲದೆ, ಬರಿಯ ನೆನಪಿನ ಬಲದ ಮೇಲೆ ಆಡಿ ನೋಡಿರಿ. ಹಗಲಾದರೆ ಚಿನ್ನದವನು ಮೊದಲು, ರಾತ್ರಿಯಾದರೆ ಬೆಳ್ಳಿಯವನು.

ಶಬ್ದಾರ್ಥ

ಅಂತಸ್ತು – ದರ್ಜೆ, ಮಟ್ಟ
ಆವೃತ್ತಿ – ಒಂದು ಸಲಕ್ಕೆ ಹೊರತಂದ ಪ್ರತಿಗಳ ಗುಂಪು
ಕೌತುಕ – ಕುತೂಹಲ, ಅಚ್ಚರಿ
ಛದ – ಎಲೆ
ಜಟಿಲ – ತೊಡಕಾದ
ತುರುಫು – ಇತರ ಬಣ್ಣಗಳನ್ನೆಲ್ಲ ಗೆಲ್ಲುವ ಎಲೆ
ಪಣ – ಜೂಜಿನಲ್ಲಿ ಒಡ್ಡುವ ವಸ್ತು ಅಥವಾ ಹಣ
ಪ್ರಭಾವಳಿ – ದೇವತಾಮೂರ್ತಿಯ ಹಿಂದಿನ ಕಾಂತಿವಲಯ
ಬಾರಕೋಲು – ಎತ್ತು ಹೊಡೆಯುವ ಚಾಟಿ
ರೇಕು – ಲೋಹದ ತೆಳುವಾದ ಹಾಳೆ
ಸನ್ನದು – ರಾಜಾಜ್ಞೆಯ ಪತ್ರ
ಸುದ್ದೆ – ಸುಣ್ಣದ ಜಾತಿಯ ಬಿಳಿ ಮಣ್ಣು

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ದಶಾವತಾರ ಗಂಜೀಫಾದಲ್ಲಿ ಎಷ್ಟು ಎಲೆಗಳಿರುತ್ತವೆ?
2. ಬಾಬರನು ಗಂಜೀಫಾ ಎಲೆಗಳನ್ನು ಯಾರಿಗೆ ಕಳುಹಿಸಿದನು?
3. ‘ಕೌತುಕನಿಧಿ’ ಯಾವ ಗ್ರಂಥದ ಭಾಗ?
4. ಎಲೆಗಳ ಬೆನ್ನು ಒಂದೇ ಆಗಿರಬೇಕು ಏಕೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ಚಿನ್ನವನ್ನು ಚಿತ್ರಕ್ಕೆ ಏರಿಸುವ ಎರಡು ವಿಧಾನಗಳನ್ನು ವಿವರಿಸಿರಿ.
2. ಸಾವಂತವಾಡಿಯಲ್ಲಿ ಗಂಜೀಫಾ ಕಲೆ ಉಳಿದ ಬಗೆ ಹೇಗೆ?
3. ಯಂತ್ರದ ಸೀಮಿತ ಆವೃತ್ತಿಗೂ ಚಿತ್ರಗಾರನ ಕಟ್ಟಿಗೂ ಇರುವ ವ್ಯತ್ಯಾಸವೇನು?

ಇ) ಸಂದರ್ಭ ಸಹಿತ ವಿವರಿಸಿರಿ:
1. “ತಪ್ಪು ಪಣದ್ದೇ ಹೊರತು ಎಲೆಯದಲ್ಲ.”
2. “ಮಾಡುವವನ ಕೈಯನ್ನು ತಿದ್ದುವುದು ಬಳಸುವವನ ಕೈ.”

ಈ) ವಿಗ್ರಹಿಸಿ ಸಮಾಸವನ್ನು ಹೆಸರಿಸಿರಿ:
ಅಂಗೈ, ಹೊಂಬಣ್ಣ, ಓದುಬರಹ, ದಶಾವತಾರ.

ಉ) ಮಾಡಿ ನೋಡಿರಿ:
ನಿಮ್ಮ ಊರಿನ ಒಬ್ಬ ಕುಶಲಕರ್ಮಿಯನ್ನು ಕಂಡು, ಅವರು ಬಳಸುವ ಸಾಮಗ್ರಿ, ಒಂದು ವಸ್ತುವಿಗೆ ಬೇಕಾಗುವ ದಿನಗಳು ಮತ್ತು ಅದನ್ನು ಕೊಳ್ಳುವವರು ಯಾರೆಂಬುದನ್ನು ಕೇಳಿ ಒಂದು ಪುಟ ಬರೆಯಿರಿ.